ಕೋಲ್ ನಿದ್ರೇ ವೇದಿಕೆಯ ಮೇಲೆ ನುಡಿಸಬಹುದಾ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಎಂಟು ವರ್ಷದಿಂದ ಚೆಲ್ಲೋ ಕಲಿಯುತ್ತಿದ್ದಾಳೆ. ಡಿಸೆಂಬರ್‌ನಲ್ಲಿ ಅವಳ ಸಂಗೀತ ಶಾಲೆಯ ಕಾರ್ಯಕ್ರಮ ಇದೆ. ಟೀಚರ್ ಅವಳಿಗೆ ಜರ್ಮನ್ ಸಂಯೋಜಕ ಮ್ಯಾಕ್ಸ್ ಬ್ರೂಖ್ ಅವರ ‘ಕೋಲ್ ನಿದ್ರೇ’ ಕೊಟ್ಟಿದ್ದಾರೆ, ಪಿಯಾನೋ ಜೊತೆ. ಪರಿಚಯದವರೊಬ್ಬರು ‘ಅದು ಯಹೂದಿಗಳ ಅತಿ ಪವಿತ್ರ ಪ್ರಾರ್ಥನೆ, ಬೇರೆಯವರು ಸ್ಟೇಜ್ ಮೇಲೆ ನುಡಿಸೋದು ತಪ್ಪು’ ಅಂದರು. ಇನ್ನೊಬ್ಬರು ‘ಬ್ರೂಖ್ ಯಹೂದಿನೇ, ಅದಕ್ಕೇ ಬರೆದ’ ಅಂದರು. ಮಗಳು ಇದೇ ಜಾಡು ಹಿಡಿದು ಮಾಹ್ಲರ್, ಬರ್ನ್‌ಸ್ಟೈನ್ ಸಿಂಫನಿಗಳನ್ನೆಲ್ಲ ಕೇಳುತ್ತಿದ್ದಾಳೆ. ‘ಇದರಲ್ಲಿ ಪ್ರಾರ್ಥನೆ ಎಲ್ಲಿದೆ ಅಮ್ಮಾ?’ ಅಂತ ಕೇಳಿದರೆ ನನಗೆ ಗೊತ್ತಾಗುವುದಿಲ್ಲ. ಕಾರ್ಯಕ್ರಮದ ಹಾಳೆಗೆ ನಾಲ್ಕು ಸಾಲು ಬೇರೆ ಬರೆದುಕೊಡಬೇಕಂತೆ. ನುಡಿಸಬಹುದಾ? ಏನು ಬರೆಯಲಿ?

ಉತ್ತರ:

ಮೊದಲು ನಿಮ್ಮ ಆತಂಕ ಕಡಿಮೆ ಆಗಲಿ. ನುಡಿಸಬಹುದು. ಖಂಡಿತ ನುಡಿಸಬಹುದು. ಆದರೆ ಏನು ನುಡಿಸುತ್ತಿದ್ದೇನೆ ಅಂತ ಗೊತ್ತಿದ್ದು ನುಡಿಸಿದರೆ ಅವಳ ಚೆಲ್ಲೋ ದನಿಯೇ ಬೇರೆ ಆಗುತ್ತದೆ. ನಾನು ಮೂವತ್ತು ವರ್ಷದಿಂದ ಈ ವಾದ್ಯ ನುಡಿಸುತ್ತ, ಕಲಿಸುತ್ತ ಬಂದಿದ್ದೇನೆ. ‘ಕೋಲ್ ನಿದ್ರೇ’ ಕಲಿಸುವಾಗಲೆಲ್ಲ ನೀವು ಕೇಳಿದ ಮೂರು ಪ್ರಶ್ನೆಗಳಲ್ಲಿ ಒಂದಾದರೂ ಬಂದೇ ಬರುತ್ತದೆ. ಇದು ಯಾರ ಸೊತ್ತು? ಬರೆದವರು ಯಾರು? ಇದರೊಳಗೆ ಪ್ರಾರ್ಥನೆ ನಿಜವಾಗಿ ಎಲ್ಲಿದೆ?

ಹೆಸರಿನಿಂದಲೇ ಶುರು ಮಾಡೋಣ. ಕನ್ನಡದಲ್ಲಿ ಓದಿದರೆ ನಿದ್ದೆಯ ಮಾತು ಅನ್ನಿಸಬಹುದು. ಅದಲ್ಲ. ಇದು ಅರಾಮಿಕ್ ಭಾಷೆ. ‘ಕೋಲ್ ನಿದ್ರೇ’ ಅಂದರೆ ‘ಎಲ್ಲ ಹರಕೆಗಳು’. ಹರಕೆ ಅನ್ನುವ ಮಾತು ನಮಗೆ ಬೇರೆ ವಿವರಿಸಬೇಕಾಗಿಲ್ಲ ಅಲ್ವಾ? ಕಷ್ಟ ಬಂದಾಗ ದೇವರಿಗೆ ಹೊತ್ತುಕೊಳ್ಳುತ್ತೇವೆ. ಆಮೇಲೆ ಮರೆಯುತ್ತೇವೆ, ಇಲ್ಲವೇ ತೀರಿಸಲು ಆಗುವುದಿಲ್ಲ. ಆ ಭಾರ ಮನಸ್ಸಿನ ಮೇಲೆ ಕೂತಿರುತ್ತದೆ. ಯಹೂದಿಗಳ ಪ್ರಾಯಶ್ಚಿತ್ತದ ದಿನ ಯೋಮ್ ಕಿಪ್ಪೂರ್. ಆ ದಿನ ಶುರುವಾಗುವ ಸಂಜೆ, ಸೂರ್ಯ ಮುಳುಗುವ ಮೊದಲು, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಎಲ್ಲರೂ ಎದ್ದು ನಿಲ್ಲುತ್ತಾರೆ. ಧರ್ಮಗ್ರಂಥದ ಸುರುಳಿಗಳನ್ನು ಹೊರಗೆ ತರುತ್ತಾರೆ. ಹಾಡುವವರನ್ನು ಹಜ್ಜಾನ್ ಅನ್ನುತ್ತಾರೆ, ಪಶ್ಚಿಮದಲ್ಲಿ ಕ್ಯಾಂಟರ್. ಅವರು ಈ ಮಾತುಗಳನ್ನು ಮೂರು ಸಲ ಹಾಡುತ್ತಾರೆ. ಮೊದಲ ಸಲ ಮೆಲ್ಲಗೆ, ಎರಡನೇ ಸಲ ಸ್ವಲ್ಪ ಗಟ್ಟಿಯಾಗಿ, ಮೂರನೇ ಸಲ ಇನ್ನೂ ಗಟ್ಟಿಯಾಗಿ.

ಹಾಡುವ ಮಾತು ಏನು ಗೊತ್ತಾ? ದೇವರಿಗೆ ಕೊಟ್ಟು ನಡೆಸಲಾಗದ ಹರಕೆ, ಆಣೆ, ಮಾತುಗಳೆಲ್ಲ ರದ್ದಾಗಲಿ ಅನ್ನುವ ಒಂದು ಕಾನೂನಿನ ಒಕ್ಕಣೆ. ಇದರಲ್ಲಿ ದೇವರ ಹೆಸರೇ ಬರುವುದಿಲ್ಲ. ಹೊತ್ತು ಮುಳುಗುವ ಮೊದಲೇ ಮುಗಿಸುವುದೂ ಅದಕ್ಕೇ: ಹಬ್ಬದ ದಿನ ಇಂಥ ನ್ಯಾಯಾಲಯದ ಕೆಲಸ ನಡೆಸುವಂತಿಲ್ಲ. ಹಾಗಾಗಿ ‘ಅತಿ ಪವಿತ್ರ ಪ್ರಾರ್ಥನೆ’ ಅನ್ನುವುದು ಪೂರ್ತಿ ಸರಿಯಲ್ಲ. ಆ ಸಂಜೆಯ ಮಟ್ಟಿಗೆ ಜನರ ಮನಸ್ಸಿಗೆ ಅದು ಪ್ರಾರ್ಥನೆಗಿಂತ ಹತ್ತಿರ ಅನ್ನುವುದು ಮಾತ್ರ ನಿಜ.

ಈ ಒಕ್ಕಣೆಯಿಂದ ಯಹೂದಿಗಳು ಬಹಳ ನೋವು ಉಂಡಿದ್ದಾರೆ. ‘ನೋಡಿ, ಇವರು ಆಣೆಗಳನ್ನೆಲ್ಲ ರದ್ದು ಮಾಡಿಕೊಳ್ಳುತ್ತಾರೆ, ಇವರ ಮಾತು ನಂಬಬೇಡಿ’ ಅಂತ ದ್ವೇಷಿಗಳು ಶತಮಾನಗಳ ಕಾಲ ಹೇಳಿದರು. ಆದರೆ ಅದು ಮನುಷ್ಯ ಮತ್ತು ದೇವರ ನಡುವಿನ ಹರಕೆಗೆ ಮಾತ್ರ. ನೆರೆಯವನಿಗೆ ಕೊಟ್ಟ ಮಾತಿಗೆ ಅಲ್ಲ. ಈ ಅಪವಾದದಿಂದ ಬೇಸತ್ತು 1844ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಸೇರಿದ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು, ಇದನ್ನು ಕೈಬಿಡೋಣ ಅಂತಲೂ ಸಲಹೆ ಮಾಡಿದ್ದರು. ಜನ ಬಿಡಲಿಲ್ಲ. ಮಾತಿಗಿಂತ ಆ ಧಾಟಿ ಅವರನ್ನು ಹಿಡಿದಿಟ್ಟಿತ್ತು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಕಥೆ ಎಲ್ಲ ಕಡೆ ಓಡಾಡುತ್ತದೆ. ಸ್ಪೇನ್‌ನಲ್ಲಿ ಬಲವಂತವಾಗಿ ಮತಾಂತರಗೊಂಡ ಯಹೂದಿಗಳು ಗುಟ್ಟಾಗಿ ಇದನ್ನು ಹಾಡುತ್ತಿದ್ದರು, ಹುಟ್ಟಿದ್ದೇ ಅಲ್ಲಿ, ಅಂತ. ಕರುಳು ಹಿಂಡುವ ಕಥೆ. ಆದರೆ ಈ ಒಕ್ಕಣೆ 9ನೇ ಶತಮಾನದ ಪ್ರಾರ್ಥನಾ ಗ್ರಂಥದಲ್ಲೇ ಇದೆ, ಆ ಬಲವಂತದ ಮತಾಂತರಗಳಿಗಿಂತ ಎಷ್ಟೋ ಮೊದಲು. ಬ್ರೂಖ್ ಬಳಸಿದ ಧಾಟಿ ಜರ್ಮನ್ ನಾಡಿನ ಯಹೂದಿಗಳದ್ದು. ಸ್ಪೇನ್ ಮೂಲದವರು ಇದೇ ಮಾತನ್ನು ಬೇರೆ ಧಾಟಿಯಲ್ಲಿ ಹೇಳುತ್ತಾರೆ.

ಈಗ ಬ್ರೂಖ್ ಅವರ ವಿಷಯ. ಅವರು ಯಹೂದಿ ಅಲ್ಲ. 1838ರಲ್ಲಿ ಕಲೋನ್‌ನಲ್ಲಿ ಹುಟ್ಟಿದ ಪ್ರೊಟೆಸ್ಟೆಂಟ್ ಕ್ರೈಸ್ತರು. ಬರ್ಲಿನ್‌ನಲ್ಲಿ ಕ್ಯಾಂಟರ್ ಆಗಿದ್ದ ಅಬ್ರಹಾಂ ಯಾಕೊಬ್ ಲಿಖ್ಟೆನ್‌ಸ್ಟೈನ್ ಅವರ ಪರಿಚಯವಾಗಿ ಈ ಧಾಟಿ ಕಿವಿಗೆ ಬಿತ್ತು. 1880ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿದ್ದಾಗ ಚೆಲ್ಲೋ, ಆರ್ಕೆಸ್ಟ್ರಾ ಮತ್ತು ಹಾರ್ಪ್‌ಗೆ ಕೃತಿ ಬರೆದು ಮುಗಿಸಿದರು. ಚೆಲ್ಲೋ ವಾದಕ ರಾಬರ್ಟ್ ಹೌಸ್‌ಮನ್ ಅವರಿಗೆ ಅರ್ಪಿಸಿದರು. 1881ರಲ್ಲಿ ಅಚ್ಚಾಯಿತು.

ಕೃತಿಯಲ್ಲಿ ಎರಡು ಧಾಟಿಗಳಿವೆ. ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮೊದಲ ಅರ್ಧ ಡಿ ಮೈನರ್ ಅನ್ನುವ ಮಂಕು ಛಾಯೆಯ ಸ್ವರಶ್ರೇಣಿ, ಅದು ಸಿನಗಾಗ್‌ನ ಧಾಟಿ. ಆಮೇಲೆ ಬೆಳಕಿನ ಛಾಯೆಯ ಡಿ ಮೇಜರ್‌ಗೆ ತಿರುಗಿ ಹಾರ್ಪ್ ಸೇರುತ್ತದಲ್ಲ, ಆ ಭಾಗ ಯೋಮ್ ಕಿಪ್ಪೂರ್‌ನದ್ದಲ್ಲ. ಇಂಗ್ಲೆಂಡಿನ ಯಹೂದಿ ಸಂಯೋಜಕ ಐಸಾಕ್ ನೇಥನ್ ಅವರು ಕವಿ ಬೈರನ್ ಅವರ ಪದ್ಯಗಳಿಗೆ 1815ರ ಸುಮಾರಿಗೆ ರಾಗ ಹಾಕಿದ್ದರು. ಅದರಲ್ಲಿ ಬಾಬೆಲ್ ಹೊಳೆಯ ದಂಡೆಯಲ್ಲಿ ಅತ್ತವರಿಗಾಗಿ ಅಳಿರಿ ಅನ್ನುವ ಒಂದು ಹಾಡಿದೆ. ಅದರ ನಡುವಿನ ಭಾಗ ಇಲ್ಲಿ ಬಂದಿದೆ. ಅಂದರೆ ನಿಮ್ಮ ಮಗಳು ನುಡಿಸುವ ಕೃತಿಯಲ್ಲಿ ಪೂಜಾ ಸ್ಥಳದ ಧಾಟಿ ಇರುವುದು ಒಂದು ಭಾಗದಲ್ಲಿ ಮಾತ್ರ.

ಬ್ರೂಖ್ ಯಹೂದಿ ಅನ್ನುವ ಮಾತನ್ನು ಸುಮ್ನೆ ಬಿಡಬಾರದು. ಅದಕ್ಕೆ ಕೆಟ್ಟ ಇತಿಹಾಸ ಇದೆ. ಅವರು 1920ರಲ್ಲಿ ತೀರಿಕೊಂಡರು. 1933ರ ನಂತರ ನಾಜಿ ಆಡಳಿತದಲ್ಲಿ, ‘ಕೋಲ್ ನಿದ್ರೇ’ ಬರೆದವನು ಯಹೂದಿಯೇ ಇರಬೇಕು ಅನ್ನುವ ಅನುಮಾನದ ಮೇಲೆ ಜರ್ಮನ್ ನಾಡಿನ ಕಛೇರಿಗಳಿಂದ ಅವರ ಸಂಗೀತವೇ ಮರೆಯಾಯಿತು. ಹಾಗಾಗಿ ಕಾರ್ಯಕ್ರಮದ ಹಾಳೆಯಲ್ಲಿ ಈ ವಿಷಯ ಸರಿಯಾಗಿ ಬರಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಒಮ್ಮೆ ಒಂದು ಕಛೇರಿಯಲ್ಲಿ ‘ಯಹೂದಿ ಸಂಯೋಜಕ’ ಅಂತ ಅಚ್ಚಾಗಿತ್ತು. ಮುಗಿದ ಮೇಲೆ ವಯಸ್ಸಾದ ಯಹೂದಿ ಅತಿಥಿಯೊಬ್ಬರು ನನ್ನ ಹತ್ತಿರ ಬಂದು, ಆ ಪದದ ಮೇಲೆ ಬೆರಳಿಟ್ಟು, ‘ಇವರು ನಮ್ಮವರಲ್ಲ, ಆದರೆ ನಮ್ಮ ಹಾಡನ್ನು ಗೌರವದಿಂದ ಕೇಳಿಸಿಕೊಂಡವರು’ ಅಂದರು. ಆ ಮಾತನ್ನು ನಾನು ಇವತ್ತಿಗೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಸರಿ, ಯಾರಿಗಾದರೂ ನೋವಾಗುತ್ತದಾ? ಅನೇಕ ಸುಧಾರಣಾವಾದಿ ಸಿನಗಾಗ್‌ಗಳಲ್ಲಿ ಯೋಮ್ ಕಿಪ್ಪೂರ್ ಸಂಜೆ ಚೆಲ್ಲೋದಲ್ಲಿ ಇದೇ ಕೃತಿಯನ್ನು ನುಡಿಸುತ್ತಾರೆ. ಸಂಪ್ರದಾಯಸ್ಥರ ಸಿನಗಾಗ್‌ನಲ್ಲಿ ಆ ದಿನ ವಾದ್ಯವೇ ಇಲ್ಲ, ಅಲ್ಲಿ ಇದು ಕೇಳಿಸುವುದಿಲ್ಲ. ಕಛೇರಿಯಲ್ಲಿ ನುಡಿಸುವುದಕ್ಕೆ ಧರ್ಮದ ಕಡೆಯಿಂದ ಯಾವ ಅಡ್ಡಿಯೂ ಇಲ್ಲ, ಎಲ್ಲ ಧರ್ಮದವರೂ ನುಡಿಸಿದ್ದಾರೆ. ಯೋಮ್ ಕಿಪ್ಪೂರ್ ಬರುವುದು ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿ. ನಿಮ್ಮ ಕಾರ್ಯಕ್ರಮ ಡಿಸೆಂಬರ್, ಹಬ್ಬದ ದಿನಕ್ಕೇ ತಾಕುವ ಪ್ರಶ್ನೆಯೂ ಇಲ್ಲ. ನೋವಾಗುವುದು ಬೇರೆ ಕಡೆಯಿಂದ: ವೇಷ ಹಾಕಿಕೊಂಡು ನಿಂತರೆ, ಪ್ರಾರ್ಥನೆಯ ಅಭಿನಯ ಮಾಡಿದರೆ, ಮೇಣದಬತ್ತಿ ಹಚ್ಚಿಟ್ಟು ‘ವಾತಾವರಣ’ ಸೃಷ್ಟಿಸಿದರೆ. ಅಂಥದ್ದಕ್ಕೆ ಯಾರಾದರೂ ಐಡಿಯಾ ಕೊಟ್ಟರೆ ಬೇಡ ಅನ್ನಿ.

ನುಡಿಸುವ ರೀತಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪ್ರಾರ್ಥನೆ ಇರುವುದು ಅಲ್ಲೇ. ಮಗಳಿಗೆ ಸ್ವರಲಿಪಿ ತೆರೆದು ಚೆಲ್ಲೋ ಮೊದಲು ಪ್ರವೇಶ ಮಾಡುವ ಜಾಗ ತೋರಿಸಲು ಹೇಳಿ. ಎರಡು ಮೂರು ಸ್ವರ, ಒಂದು ನಿಲುಗಡೆ. ಮತ್ತೆ ಎರಡು ಮೂರು ಸ್ವರ, ಮತ್ತೆ ನಿಲುಗಡೆ. ಮಾತು ಬಾಯಿಗೆ ಬರದೆ ತಡೆದು ತಡೆದು ಹೇಳುವ ಹಾಗೆ. ಮಕ್ಕಳು ಮಾಡುವ ತಪ್ಪು ಒಂದೇ: ಆ ಖಾಲಿ ಜಾಗ ತುಂಬಿಬಿಡುವುದು. ಕಮಾನು ತಂತಿಯ ಮೇಲೆ ಎಳೆಯುತ್ತಲೇ ಇರುತ್ತದೆ, ಎಡಗೈ ಬೆರಳು ನಡುಗುತ್ತಲೇ ಇರುತ್ತದೆ, ಎಲ್ಲ ಒಂದೇ ಉದ್ದ ಅಳು ಆಗಿಬಿಡುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಎರಡು ವಾರ ಚೆಲ್ಲೋ ಮುಟ್ಟಿಸದೆ ಆ ಸಾಲುಗಳನ್ನು ಬರೀ ಬಾಯಲ್ಲಿ ಹಾಡಿಸಿದೆ. ನಿಲುಗಡೆ ಬಂದಾಗ ಉಸಿರು ತೆಗೆದುಕೊಳ್ಳಲೇಬೇಕು, ಬೇರೆ ದಾರಿ ಇಲ್ಲ. ಮೂರನೇ ವಾರ ವಾದ್ಯ ಹಿಡಿದಾಗ ಕಮಾನು ತಾನಾಗಿಯೇ ತಂತಿಯಿಂದ ಎದ್ದಿತು. ನಿಮ್ಮ ಮಗಳೂ ವಾದ್ಯವಿಲ್ಲದೆ ಹಾಡಿದ ಕ್ಯಾಂಟರ್ ಒಬ್ಬರ ಧ್ವನಿಮುದ್ರಣ ಒಂದು ಸಲ ಕೇಳಲಿ. ಚೆಲ್ಲೋ ಇಲ್ಲಿ ಆ ಒಬ್ಬ ಮನುಷ್ಯನ ದನಿ.

ಅತಿಯಾದ ಅಳುವಿನ ಬಗ್ಗೆ ದೊಡ್ಡವರಿಗೂ ತಕರಾರಿತ್ತು. ಸಂಯೋಜಕ ಅರ್ನಾಲ್ಡ್ ಶೋನ್‌ಬರ್ಗ್ ಹುಟ್ಟಿನಿಂದ ಯಹೂದಿ, ಆಮೇಲೆ ಪ್ರೊಟೆಸ್ಟೆಂಟ್ ಆದವರು, 1933ರಲ್ಲಿ ಪ್ಯಾರಿಸ್‌ನಲ್ಲಿ ಮತ್ತೆ ಯಹೂದಿ ಧರ್ಮಕ್ಕೆ ಮರಳಿದರು. 1938ರಲ್ಲಿ ಲಾಸ್ ಏಂಜಲೀಸ್‌ನ ಒಬ್ಬ ರಬ್ಬಿ ಕೇಳಿಕೊಂಡಾಗ ತಮ್ಮದೇ ‘ಕೋಲ್ ನಿದ್ರೇ’ ಬರೆದರು. ಬ್ರೂಖ್ ಅಂಟಿಸಿದ ಚೆಲ್ಲೋ ಭಾವುಕತೆಯನ್ನು ತೊಳೆದುಹಾಕುವುದೇ ತಮ್ಮ ಕೆಲಸ ಅನ್ನುವ ಅರ್ಥದಲ್ಲಿ ಒಂದು ಪತ್ರದಲ್ಲಿ ಬರೆದಿದ್ದರು. ನಾನು ಅಷ್ಟು ಕಟುವಾಗಿ ಹೇಳುವುದಿಲ್ಲ. ತಪ್ಪು ಬ್ರೂಖ್ ಅವರದ್ದಲ್ಲ, ನಾವು ನುಡಿಸುವವರದ್ದು ಅಂತ ನನ್ನ ಅಭಿಪ್ರಾಯ.

ಇನ್ನು ಮಗಳ ಪ್ರಶ್ನೆ. ಸಿಂಫನಿಯೊಳಗೆ ಪ್ರಾರ್ಥನೆ ಎಲ್ಲಿದೆ? ಸಂಯೋಜಕ ಯಾವ ಮನೆಯಲ್ಲಿ ಹುಟ್ಟಿದ ಅಂತ ನೋಡಿದರೆ ಉತ್ತರ ಸಿಗುವುದಿಲ್ಲ. ಪ್ರೊಟೆಸ್ಟೆಂಟ್ ಬ್ರೂಖ್ ಯೋಮ್ ಕಿಪ್ಪೂರ್ ಧಾಟಿ ತೆಗೆದುಕೊಂಡರು. ಯಹೂದಿ ಮನೆಯಲ್ಲಿ ಹುಟ್ಟಿದ ಮಾಹ್ಲರ್ ಎಂಟನೇ ಸಿಂಫನಿಗೆ ಲ್ಯಾಟಿನ್‌ನ ಕ್ರೈಸ್ತ ಸ್ತೋತ್ರ ತೆಗೆದುಕೊಂಡರು. ‘ಕದ್ದಿಷ್’ ಅನ್ನುವ ಯಹೂದಿ ಪ್ರಾರ್ಥನೆಗೆ ರಾಗ ಕಟ್ಟಿದ ಫ್ರಾನ್ಸ್‌ನ ಸಂಯೋಜಕ ರವೆಲ್ ಕೂಡ ಯಹೂದಿ ಅಲ್ಲ. ಆದ್ದರಿಂದ ಪ್ರತಿ ಕೃತಿಯಲ್ಲೂ ಬೇರೆ ಪ್ರಶ್ನೆ ಕೇಳಬೇಕು. ಬಂದಿರುವುದು ಮಾತಾ, ಧಾಟಿಯಾ, ಓದುವ ಕ್ರಮವಾ, ಅಥವಾ ಬರೀ ಭಾವವಾ?

ಇದಕ್ಕೆ ಬರ್ನ್‌ಸ್ಟೈನ್ ಅವರ ಮೊದಲ ಸಿಂಫನಿ ‘ಜೆರೆಮಾಯಾ’ಗಿಂತ ಒಳ್ಳೆಯ ಪಾಠ ಇಲ್ಲ. ನಮ್ಮ ಕನ್ನಡ ಬೈಬಲ್‌ನ ಯೆರೆಮೀಯ ಪ್ರವಾದಿಯೇ. ಬರ್ನ್‌ಸ್ಟೈನ್ ಇದನ್ನು 1942ರಲ್ಲಿ ಮುಗಿಸಿದರು, 1944ರ ಜನವರಿ 28ರಂದು ಪಿಟ್ಸ್‌ಬರ್ಗ್‌ನಲ್ಲಿ ತಾವೇ ನಿಂತು ನಡೆಸಿಕೊಟ್ಟರು. ಅರ್ಪಣೆ ಅಪ್ಪನಿಗೆ. ಅಪ್ಪ ಧರ್ಮನಿಷ್ಠ, ಮಗ ಸಂಗೀತಕ್ಕೆ ಹೋಗುವುದು ಅವರಿಗೆ ಇಷ್ಟವಿರಲಿಲ್ಲ.

ಯಹೂದಿಗಳು ಧರ್ಮಗ್ರಂಥವನ್ನು ಸುಮ್ಮನೆ ಓದುವುದಿಲ್ಲ, ಹಾಡುವಂತೆ ಓದುತ್ತಾರೆ. ಅಕ್ಷರಗಳ ಮೇಲೆ ಕೆಳಗೆ ಪುಟ್ಟ ಗುರುತುಗಳಿರುತ್ತವೆ. ಒಂದೊಂದು ಗುರುತಿಗೂ ಒಂದೊಂದು ಸ್ವರದ ಬಳುಕು. ನಮ್ಮಲ್ಲಿ ವೇದಕ್ಕೆ ಉದಾತ್ತ, ಅನುದಾತ್ತದ ಗೀಟುಗಳಿಲ್ಲವಾ, ಆ ಜಾತಿಯ ವಿಷಯ, ಆದರೆ ಅದಕ್ಕಿಂತ ಹೆಚ್ಚು ಸ್ವರಗಳಿರುವಂಥದ್ದು. ಒಂದೇ ಗುರುತನ್ನು ಯಾವ ಗ್ರಂಥ, ಯಾವ ದಿನ ಅನ್ನುವುದರ ಮೇಲೆ ಬೇರೆ ಬೇರೆ ಧಾಟಿಯಲ್ಲಿ ಹಾಡುತ್ತಾರೆ. ಪ್ರವಾದಿಗಳ ಭಾಗವನ್ನು ಓದುವ ಧಾಟಿಯನ್ನು ಹುಡುಗರು 13ನೇ ವಯಸ್ಸಿಗೆ ಕಲಿತು ಸಭೆಯ ಮುಂದೆ ಒಪ್ಪಿಸುತ್ತಾರೆ. ಸಿಂಫನಿಯ ಎರಡನೇ ಭಾಗ ಹುಟ್ಟಿದ್ದು ಆ ಧಾಟಿಯಿಂದ. ಆದರೆ ಅಲ್ಲಿ ಅದು ಓಡುತ್ತದೆ, ಕುಣಿಯುತ್ತದೆ, ಎಣಿಕೆ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ಆ ಭಾಗದ ಹೆಸರು ‘ಅಪವಿತ್ರಗೊಳಿಸುವುದು’ ಅಂತ. ದೇಗುಲದೊಳಗೆ ನಡೆದ ಅನಾಚಾರವನ್ನು ಹೇಳಲು ಪವಿತ್ರ ಧಾಟಿಯನ್ನೇ ತಿರುಚಿದ್ದಾರೆ.

ಮೂರನೇ ಭಾಗದಲ್ಲಿ ಒಬ್ಬ ಗಾಯಕಿ ಹೀಬ್ರೂವಿನಲ್ಲಿ ಹಾಡುತ್ತಾಳೆ. ಮಾತು ಬೈಬಲ್‌ನ ‘ಪ್ರಲಾಪಗಳು’ ಗ್ರಂಥದ್ದು. ಮೊದಲ ಪದ ‘ಐಖಾ’. ಅಯ್ಯೋ, ಹೇಗಾಯಿತು, ಅನ್ನುವ ಉದ್ಗಾರ. ಜನ ತುಂಬಿದ್ದ ಊರು ಒಂಟಿಯಾಗಿ ಕೂತಿದೆ, ವಿಧವೆಯ ಹಾಗೆ. ಜೆರುಸಲೇಮಿನ ದೇಗುಲ ನಾಶವಾದ ದಿನದ ನೆನಪಿಗೆ, ಬೇಸಿಗೆಯ ಒಂದು ರಾತ್ರಿ, ಮಂದ ಬೆಳಕಿನಲ್ಲಿ ನೆಲದ ಮೇಲೆ ಕೂತು ಈ ಗ್ರಂಥ ಓದುತ್ತಾರೆ. ಅದಕ್ಕೇ ಮೀಸಲಾದ ಶೋಕದ ಧಾಟಿ ಇದೆ. ಗಾಯಕಿಯ ಸಾಲುಗಳಲ್ಲಿ ಅದರ ನೆರಳಿದೆ. ಹಾಗಂತ ಸಿನಗಾಗ್‌ನ ಓದನ್ನು ಹಾಗೇ ಎತ್ತಿಟ್ಟಿಲ್ಲ. ಸ್ವರಗಳಿಗಿಂತ ಆ ಭಾವವೇ ತಮಗೆ ಮುಖ್ಯ ಅಂತ ಬರ್ನ್‌ಸ್ಟೈನ್ ಅವರೇ ಹೇಳಿದ್ದರು. 1944ರಲ್ಲಿ ಯೂರೋಪಿನ ಯಹೂದಿ ಊರುಗಳು ಒಂದೊಂದಾಗಿ ಬರಿದಾಗುತ್ತಿದ್ದವು ಅನ್ನುವುದನ್ನು ನೆನಪಿಟ್ಟುಕೊಂಡು ಆ ಮೊದಲ ಪದ ಕೇಳಲು ಹೇಳಿ.

ಯಹೂದಿ ಸಂಯೋಜಕ ಅರ್ನೆಸ್ಟ್ ಬ್ಲೋಖ್ (ಬ್ರೂಖ್ ಅಲ್ಲ) ಅವರ ‘ಶೆಲೋಮೋ’ ಚೆಲ್ಲೋ ಕಲಿಯುವವರು ಕೇಳಲೇಬೇಕಾದದ್ದು. 1916ರ ಕೃತಿ. ಶೆಲೋಮೋ ಅಂದರೆ ರಾಜ ಸೊಲೊಮೋನ. ಎಲ್ಲವೂ ವ್ಯರ್ಥ ಅನ್ನುವ ‘ಪ್ರಸಂಗಿ’ ಗ್ರಂಥದ ಮಾತುಗಳನ್ನು ದನಿಗೆ ಬರೆಯಬೇಕು ಅಂತ ಹೊರಟು, ಯಾವ ಭಾಷೆಯೂ ಸರಿ ಅನ್ನಿಸದೆ, ಕೊನೆಗೆ ಚೆಲ್ಲೋಗೆ ಒಪ್ಪಿಸಿದರು. ಹಳೆಯ ಧಾಟಿಗಳನ್ನು ಅಗೆದು ತೆಗೆಯುವುದು ತಮ್ಮ ಉದ್ದೇಶವಲ್ಲ ಅಂತಲೂ ಹೇಳಿದ್ದರು. ಅವರ ಅಪ್ಪ ಹಾಡುತ್ತಿದ್ದ ಒಂದು ಧಾಟಿ ಮಾತ್ರ ನಡುವೆ ಇಣುಕುತ್ತದೆ. ಉಳಿದದ್ದೆಲ್ಲ ಅವರದೇ.

ಮಾಹ್ಲರ್ ಬಗ್ಗೆ ಎಚ್ಚರ ಬೇಕು. ಮೊದಲ ಸಿಂಫನಿಯ ಮೂರನೇ ಭಾಗದಲ್ಲಿ ಮಕ್ಕಳ ಹಾಡೊಂದನ್ನು ಮೈನರ್‌ನಲ್ಲಿ ಒಂಟಿ ಡಬಲ್ ಬಾಸ್ ಶುರು ಮಾಡುತ್ತದೆ. ಸ್ವಲ್ಪ ಹೊತ್ತಿಗೆ ಬೀದಿ ಬ್ಯಾಂಡಿನಂಥ ಸದ್ದು ನುಗ್ಗುತ್ತದೆ. ಅದು ಯಹೂದಿ ಮದುವೆ ಮನೆಯ ಸಂಗೀತ ಅಂತ ಅನೇಕರು ಹೇಳುತ್ತಾರೆ, ಬೊಹೀಮಿಯಾದ ಹಳ್ಳಿ ಬ್ಯಾಂಡ್ ಅಂತ ಇನ್ನು ಕೆಲವರು. ಮಾಹ್ಲರ್ ಸ್ವರಲಿಪಿಯಲ್ಲಿ ಬರೆದದ್ದು ‘ಅಣಕದ ಧಾಟಿಯಲ್ಲಿ’ ಅಂತ ಅಷ್ಟೇ. ಅವರು ಬೆಳೆದ ಊರಿನಲ್ಲಿ ಅಪ್ಪನ ಹೆಂಡದಂಗಡಿ, ಸೇನೆಯ ಬ್ಯಾಂಡು ಎಲ್ಲ ಇದ್ದವು, ಕಿವಿಗೆ ಎಲ್ಲವೂ ಬಿದ್ದಿತ್ತು. ಏನೇ ಆದರೂ ಅದು ಪ್ರಾರ್ಥನೆಯ ಸಂಗೀತವಂತೂ ಅಲ್ಲ.

ಸ್ಟ್ರಾವಿನ್ಸ್ಕಿಯ ‘ಕೀರ್ತನೆಗಳ ಸಿಂಫನಿ’, ಮೆಂಡೆಲ್ಸೋನ್ ಅವರ ‘ಎಲೀಯ’ ಇವುಗಳಲ್ಲಿ ಬೈಬಲ್ ಇದೆ, ಸಿನಗಾಗ್‌ನ ಧಾಟಿ ಇಲ್ಲ. ಮೊದಲನೆಯದು ಲ್ಯಾಟಿನ್, ಎರಡನೆಯದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಉತ್ಸವಕ್ಕೆ ಬರೆದದ್ದು. ಅವನ್ನು ಈ ಪಟ್ಟಿಗೆ ಸೇರಿಸುವ ಅವಸರ ಬೇಡ.

ಬರೀ ಕಿವಿ ನಂಬಿದರೂ ಮೋಸ ಹೋಗಬಹುದು. ಕರ್ನಾಟಕ ಸಂಗೀತ ಗೊತ್ತಿರುವವರು ವಕುಳಾಭರಣ ರಾಗದ ಸ್ವರಗಳನ್ನು ಹಾಡಿ ನೋಡಿ: ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕೈಶಿಕಿ ನಿಷಾದ. ಸಿನಗಾಗ್‌ನ ‘ಅಹವಾ ರಬ್ಬಾ’ ಅನ್ನುವ ಕ್ರಮದ ಸ್ವರಗಳೂ ಸುಮಾರಾಗಿ ಇವೇ. ಗಮಕ, ಸಂಚಾರ ಪೂರ್ತಿ ಬೇರೆ, ಒಂದರಿಂದ ಇನ್ನೊಂದು ಬಂತು ಅಂತಲ್ಲ. ರಿಷಭದಿಂದ ಗಾಂಧಾರಕ್ಕೆ ಹಾರುವ ಆ ದೊಡ್ಡ ಜಿಗಿತ ಕೇಳಿದ ಕೂಡಲೇ ‘ಇದು ಯಹೂದಿ ಸಂಗೀತ’ ಅನ್ನುವವರಿದ್ದಾರೆ. ಅರಬ್ಬರ, ತುರ್ಕರ ಹಿಜಾಜ್ ಅನ್ನುವ ಸ್ವರಕ್ರಮದಲ್ಲೂ ಅದೇ ಜಿಗಿತ ಇದೆ. ನಿಮ್ಮ ಮಗಳ ‘ಕೋಲ್ ನಿದ್ರೇ’ ಈ ಕ್ರಮದ ಮೇಲೆ ನಿಂತೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಿಮಗೆ ಅಳುಕು ಉಳಿದರೆ ಇನ್ನೊಂದು ದಾರಿ ಇದೆ. ಬ್ಲೋಖ್ 1924ರಲ್ಲಿ ಚೆಲ್ಲೋ, ಪಿಯಾನೋಗೆ ಬರೆದ ಮೂರು ಪುಟ್ಟ ಕೃತಿಗಳಲ್ಲಿ ಮೊದಲನೆಯದಕ್ಕೆ ‘ಪ್ರಾರ್ಥನೆ’ ಅಂತಲೇ ಹೆಸರು. ಬ್ರೂಖ್ ಕೃತಿಗಿಂತ ಚಿಕ್ಕದು, ಕೈಗೂ ಹಗುರ. ಹೆಸರು ಪ್ರಾರ್ಥನೆ ಆದರೂ ಅದರ ರಾಗ ಬ್ಲೋಖ್ ಅವರೇ ಕಟ್ಟಿದ್ದು. ತೊಂದರೆ ಒಂದೇ, ಇಷ್ಟು ತಿಂಗಳು ಅಭ್ಯಾಸ ಮಾಡಿದ್ದನ್ನು ಈಗ ಬಿಟ್ಟರೆ ಹುಡುಗಿ ‘ನಾನೇನೋ ತಪ್ಪು ಮಾಡುತ್ತಿದ್ದೆ’ ಅಂದುಕೊಳ್ಳುತ್ತಾಳೆ. ಅವಳು ತಪ್ಪು ಮಾಡುತ್ತಿಲ್ಲ. ನಾನಾಗಿದ್ದರೆ ಬ್ರೂಖ್ ಕೃತಿಯನ್ನೇ ಇಟ್ಟುಕೊಳ್ಳುತ್ತಿದ್ದೆ. ಸಮಯ ಸಾಲದು ಅಂತ ಮೈನರ್ ಭಾಗ ಮಾತ್ರ ನುಡಿಸಿ ನಿಲ್ಲಿಸುವುದು ಬೇಡ. ಆ ಭಾರ ಇಳಿಯುವುದೇ ಮೇಜರ್‌ಗೆ ಬಂದ ಮೇಲೆ. ಪೂರ್ತಿ ನುಡಿಸಿದರೂ ಹತ್ತು ನಿಮಿಷದ ಸುಮಾರು.

ಹಾಳೆಗೆ ಹೀಗೆ ಬರೆಯಿರಿ, ಬೇಕಾದರೆ ಹಾಗೇ ಬಳಸಿಕೊಳ್ಳಿ:

‘ಮ್ಯಾಕ್ಸ್ ಬ್ರೂಖ್ (1838–1920): ಕೋಲ್ ನಿದ್ರೇ, ಓಪಸ್ 47. ಯೋಮ್ ಕಿಪ್ಪೂರ್ ಸಂಜೆ ಜರ್ಮನ್ ನಾಡಿನ ಯಹೂದಿಗಳು ಹಾಡುತ್ತ ಬಂದ ಹಳೆಯ ಧಾಟಿ ಮತ್ತು ಐಸಾಕ್ ನೇಥನ್ ಅವರ ಒಂದು ಹಾಡಿನ ಭಾಗ, ಈ ಎರಡರ ಮೇಲೆ ಕಟ್ಟಿದ ಕೃತಿ. ಪ್ರೊಟೆಸ್ಟೆಂಟ್ ಕ್ರೈಸ್ತರಾದ ಬ್ರೂಖ್ ಅವರಿಗೆ ಮೊದಲ ಧಾಟಿ ಪರಿಚಯವಾದದ್ದು ಬರ್ಲಿನ್‌ನ ಕ್ಯಾಂಟರ್ ಲಿಖ್ಟೆನ್‌ಸ್ಟೈನ್ ಅವರಿಂದ.’

ಕ್ಯಾಂಟರ್ ಹೆಸರನ್ನು ದಯವಿಟ್ಟು ಬಿಡಬೇಡಿ. ಜಾಗ ಸಾಲದೆ ಹೋದರೆ ಬೇರೆ ಏನನ್ನಾದರೂ ತೆಗೆಯಿರಿ. ಮತ್ತೆ ಪಿಯಾನೋ ನುಡಿಸುವವರಿಗೆ ಒಂದು ಮಾತು ಹೇಳಿಬಿಡಿ: ಮೇಜರ್ ಭಾಗದಲ್ಲಿ ಅವರ ಕೈಗೆ ಬರುವುದು ಹಾರ್ಪ್‌ನ ಸ್ವರಗಳು, ಅದಕ್ಕೆ ಬೆರಳು ಹಗುರವಾಗಿರಲಿ. ಕೊನೆಯ ಉದ್ದ ಸ್ವರ ಮುಗಿದ ಮೇಲೆ ಮಗಳು ಕಮಾನನ್ನು ತಕ್ಷಣ ಇಳಿಸದೆ ಒಂದು ಉಸಿರಿನಷ್ಟು ಹೊತ್ತು ಹಾಗೇ ಹಿಡಿದಿರಲಿ. ಚಪ್ಪಾಳೆ ಆಮೇಲೆ ಬರುತ್ತದೆ.